ಗಾಳಿ ತಿರುಗುವ ಹೊತ್ತು: ಮುಂಬೈ, ಪುಣೆ, ಗೋವೆಯಲ್ಲಿ ಮಾಗಿ ಮುಗಿಯುವ ಬಗೆ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತನ್ನು ಊರಿನಿಂದ ಗಂಟು ಕಟ್ಟಿಕೊಂಡು ಬಂದವರು ನಾವು, ಮುಂಬೈ ಕನ್ನಡಿಗರು. 2025ರಲ್ಲಿ ಶಿವರಾತ್ರಿ ಫೆಬ್ರುವರಿ 26ಕ್ಕೆ ಬಿತ್ತು. ಚಳಿಯ ಮಾತು ಹಾಗಿರಲಿ, ಹಬ್ಬಕ್ಕೂ ಅದರ ಹಿಂದಿನ ದಿನಕ್ಕೂ ಮುಂಬೈ, ಠಾಣೆ, ರಾಯಗಡಗಳಿಗೆ ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಉಷ್ಣಾಂಶ 38 ಡಿಗ್ರಿ ದಾಟಿತು. ಫೆಬ್ರುವರಿ ಮುಗಿಯುವ ಮೊದಲೇ ಬೇಸಿಗೆಯ ನಡುಮಧ್ಯದ ಬಿಸಿಲು.

ಇದು ಒಂದು ವರ್ಷದ ಕತೆಯಲ್ಲ. ಪ್ರತಿ ವರ್ಷ ಈ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಕಂಬಳಿಯನ್ನು ಅಟ್ಟಕ್ಕೆ ಹಾಕುವುದೋ ಬೇಡವೋ ಎಂಬ ಚರ್ಚೆ ನಡೆಯುತ್ತದೆ. ಪುಣೆಯಲ್ಲಿರುವ ಅಕ್ಕ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಮಧ್ಯಾಹ್ನ ಕೊಡೆ ಹಿಡಿಯುತ್ತಾಳೆ. ಇದರ ಮಧ್ಯೆ ಪತ್ರಿಕೆಯಲ್ಲಿ ‘ಮಾರ್ಚ್‌ನಿಂದ ಮೇವರೆಗೆ ಸಾಮಾನ್ಯಕ್ಕಿಂತ ಹೆಚ್ಚಿನ ಉಷ್ಣಾಂಶದ ಸಾಧ್ಯತೆ’ ಎಂಬ ಸುದ್ದಿ ಬರುತ್ತದೆ. ‘ಸಾಮಾನ್ಯ’ ಎಂದರೆ ಎಷ್ಟು? ‘ಸಾಧ್ಯತೆ’ ಎಂದರೆ ಖಂಡಿತವೋ ಊಹೆಯೋ? ಒಂದೇ ವಾರದಲ್ಲಿ ಹವೆ ಹೀಗೆ ಮಗುಚಿ ಬೀಳುವುದೇಕೆ? ಉತ್ತರದ ಬಹುಪಾಲು ಒಂದೇ ಸಂಗತಿಯಲ್ಲಿದೆ: ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಹೊತ್ತಿಗೆ ತಿರುಗುತ್ತದೆ.

ಪಂಚಾಂಗದ ವಸಂತ ಇಲಾಖೆಯ ಪಟ್ಟಿಯಲ್ಲಿಲ್ಲ

ಪಂಚಾಂಗಕ್ಕೆ ಆರು ಋತುಗಳು. ಮಾಘ–ಫಾಲ್ಗುಣ ಶಿಶಿರ, ಚೈತ್ರ–ವೈಶಾಖ ವಸಂತ. ಹವಾಮಾನ ಇಲಾಖೆಗೆ ನಾಲ್ಕೇ. ಜನವರಿ–ಫೆಬ್ರುವರಿ ಚಳಿಗಾಲ, ಮಾರ್ಚ್‌ನಿಂದ ಮೇವರೆಗೆ ಮುಂಗಾರುಪೂರ್ವ, ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಉಳಿದದ್ದು ಮುಂಗಾರಿನ ನಂತರದ ಕಾಲ. ನಡುವೆ ವಸಂತಕ್ಕೆ ಜಾಗವಿಲ್ಲ. ಕೊಂಕಣದ ಹವೆಯನ್ನು ನೋಡಿದರೆ ಇಲಾಖೆಯ ಲೆಕ್ಕವೇ ಸರಿ ಎನಿಸುತ್ತದೆ. ಇಲ್ಲಿ ವಸಂತ ಎಂದರೆ ಮಾವಿನ ಹೂವು, ಕೋಗಿಲೆ ಮತ್ತು ಹತ್ತು–ಹದಿನೈದು ಗೊಂದಲದ ದಿನಗಳು.

ಬಿಸಿಯ ಮೂಲ ಸೂರ್ಯನೇ. ಡಿಸೆಂಬರ್ ಕೊನೆಯ ವಾರದಲ್ಲಿ ಮುಂಬೈಯ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 47 ಡಿಗ್ರಿಯಷ್ಟೇ ಮೇಲಿರುತ್ತಾನೆ. ಮಾರ್ಚ್ 21ರ ಸುಮಾರಿಗೆ 71 ಡಿಗ್ರಿಗೆ ಏರಿರುತ್ತಾನೆ. ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿದಾಗ ಬೆಳಕು ಸಣ್ಣ ವೃತ್ತದಲ್ಲಿ ಒತ್ತಾಗಿ ಬೀಳುತ್ತದೆ, ಓರೆಯಾಗಿ ಹಿಡಿದರೆ ಹರಡಿ ತೆಳ್ಳಗಾಗುತ್ತದೆ. ಬಿಸಿಲಿನದೂ ಹಾಗೆಯೇ. ಡಿಸೆಂಬರಿಗೆ ಹೋಲಿಸಿದರೆ ಮಾರ್ಚ್ ಮೂರನೆಯ ವಾರದ ನಡುಹಗಲಲ್ಲಿ ಅದೇ ಅಂಗಳಕ್ಕೆ ಬೀಳುವ ಬಿಸಿಲು ಕಾಲುಭಾಗಕ್ಕೂ ಮಿಕ್ಕಿ ಹೆಚ್ಚಿರುತ್ತದೆ. ಹಗಲೂ ಸುಮಾರು ಒಂದು ಗಂಟೆ ಉದ್ದವಾಗಿರುತ್ತದೆ. ಮೇ ಮೊದಲ ವಾರದಲ್ಲಿ ಗೋವೆಯ ನೆತ್ತಿಯ ಮೇಲೆ, ಮೇ ಮಧ್ಯದ ಹೊತ್ತಿಗೆ ಪುಣೆ ಮತ್ತು ಮುಂಬೈಯ ನೆತ್ತಿಯ ಮೇಲೆ ಸೂರ್ಯ ಬರುತ್ತಾನೆ.

ಆದರೆ ಸೂರ್ಯ ದಿನಕ್ಕೆ ಇಷ್ಟಿಷ್ಟೇ ಏರುವವನು, ಗಡಿಬಿಡಿಯವನಲ್ಲ. ಹವೆ ಮಾತ್ರ ಸೋಮವಾರ 31 ಡಿಗ್ರಿ, ಗುರುವಾರ 38 ಡಿಗ್ರಿ ಎಂದು ಜಿಗಿಯುತ್ತದೆ. ಸೂರ್ಯನಿಂದ ಆಗದ ಈ ಜಿಗಿತ ಗಾಳಿಯ ಕೆಲಸ.

ಮೂಡುಗಾಳಿ, ಪಡುಗಾಳಿ

ಒಲೆಯ ಮೇಲೆ ದೋಸೆ ಕಾವಲಿಯನ್ನೂ ನೀರು ತುಂಬಿದ ಹಂಡೆಯನ್ನೂ ಇಟ್ಟು ಒಂದೇ ಉರಿ ಕೊಟ್ಟು ನೋಡಿ. ಕಾವಲಿ ಎರಡೇ ನಿಮಿಷಕ್ಕೆ ಚುರ್ರೆನ್ನುತ್ತದೆ, ಹಂಡೆ ಇನ್ನೂ ತಣ್ಣಗಿರುತ್ತದೆ. ಉರಿ ಆರಿಸಿದ ಮೇಲೆ ಕಾವಲಿ ಬೇಗ ತಣಿಯುತ್ತದೆ, ಹಂಡೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆಲ ಕಾವಲಿ, ಸಮುದ್ರ ಹಂಡೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಅದು ಮೂಡುಗಾಳಿ. ಹಗಲೇರಿದಂತೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಆ ಜಾಗ ತುಂಬಲು ಸಮುದ್ರದ ತಂಪು ಗಾಳಿ ಒಳನುಗ್ಗುತ್ತದೆ. ಅದು ಪಡುಗಾಳಿ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ನಸುಕಿಗೆ ಮೂಡುಗಾಳಿ ಹಿಡಿದು ಹೊರಟು, ಮಧ್ಯಾಹ್ನ ಪಡುಗಾಳಿ ಹಿಡಿದು ಮರಳುತ್ತಿದ್ದರು. ಮಂಗಳೂರು, ಕುಂದಾಪುರ, ಕಾರವಾರದ ಕಡೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೆಬ್ರುವರಿಯ ಮಾಮೂಲಿ ದಿನ ಹನ್ನೊಂದು, ಹನ್ನೆರಡರ ಹೊತ್ತಿಗೆ ಮುಂಬೈಗೆ ಪಡುಗಾಳಿ ಮುಟ್ಟುತ್ತದೆ. ಮುಟ್ಟಿದೊಡನೆ ಉಷ್ಣಾಂಶದ ಏರಿಕೆಗೆ ತಡೆ ಬೀಳುತ್ತದೆ. ಮಾಗಿಯ ಕೊನೆಯಲ್ಲಿ ಸಮುದ್ರ ವರ್ಷದಲ್ಲೇ ಹೆಚ್ಚು ತಂಪಾಗಿರುತ್ತದೆ. ಬೇಸಿಗೆಯಲ್ಲಿ ತುಂಬಿದ ಬಿಸಿಯನ್ನು ನಿಧಾನವಾಗಿ ಕಳೆದುಕೊಂಡು ಹಂಡೆ ಈಗಷ್ಟೇ ತಣಿದಿರುತ್ತದೆ. ಹಾಗಾಗಿ ಪಡುಗಾಳಿ ಬಂದರೆ ಮುಂಬೈಗೆ ಅದು ಪುಕ್ಕಟೆ ಏರ್ ಕೂಲರ್.

ತೊಂದರೆ ಬರುವುದು ಪಡುಗಾಳಿ ತಡಮಾಡಿದ ದಿನ. ಫೆಬ್ರುವರಿ ಮಧ್ಯದ ನಂತರ ಎಷ್ಟೋ ಸಲ ಮಧ್ಯಭಾರತದ ಮೇಲೆ ಹೆಚ್ಚು ಒತ್ತಡದ ಪ್ರದೇಶವೊಂದು ಬಂದು ಕೂರುತ್ತದೆ. ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ ಅದರ ದಕ್ಷಿಣದ ಅಂಚಿನಲ್ಲಿರುವ ನಮಗೆ ಗಾಳಿ ಪೂರ್ವದಿಂದ ಬರುತ್ತದೆ. ಬೆಳಗಿನ ಸಾಧಾರಣ ಮೂಡುಗಾಳಿಗೆ ಇದೂ ಸೇರಿದರೆ ಅದು ಬಲವಾಗಿ, ಸಮುದ್ರದ ಗಾಳಿಯನ್ನು ಬಾಗಿಲಲ್ಲೇ ತಡೆಯುತ್ತದೆ. ಒಂದು ಗಂಟೆಯಾದರೂ ಪಡುಗಾಳಿಯಿಲ್ಲ, ಎರಡಾದರೂ ಇಲ್ಲ, ಅಷ್ಟೂ ಹೊತ್ತು ಕಾವಲಿ ಕಾಯುತ್ತಲೇ ಇರುತ್ತದೆ.

ಇಷ್ಟೇ ಆದರೂ 38 ಆಗಬೇಕಾಗಿರಲಿಲ್ಲ. ಈ ಗಾಳಿ ಬರುವುದು ಘಟ್ಟದ ಮೇಲಿನಿಂದ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಕೆಳಗಿಳಿದಂತೆ ಗಾಳಿಯ ಮೇಲೆ ಒತ್ತಡ ಹೆಚ್ಚುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬೆಚ್ಚಗಾಗುವುದನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು. ಒಣ ಗಾಳಿ 100 ಮೀಟರ್ ಇಳಿದರೆ ಸುಮಾರು 1 ಡಿಗ್ರಿ ಬಿಸಿಯಾಗುತ್ತದೆ. ಪುಣೆಯಲ್ಲಿ 33 ಡಿಗ್ರಿಯಿದ್ದ ಗಾಳಿ ಸಹ್ಯಾದ್ರಿಯನ್ನು ಇಳಿದು, ಸಮುದ್ರದ ಅಡ್ಡಿಯಿಲ್ಲದೆ ಮುಂಬೈ ತಲುಪಿದರೆ ಲೆಕ್ಕದ ಪ್ರಕಾರ 38ರ ಮೇಲಾಗುತ್ತದೆ. ಮುಂಬೈ ಪುಣೆಗಿಂತ ಬಿಸಿಯಾಗುವ ದಿನಗಳ ಗುಟ್ಟು ಇದೇ.

ನಮ್ಮ ನುಡಿಯಲ್ಲಿ ಇದಕ್ಕೆ ಒಳ್ಳೆಯ ಎರಡು ಪದಗಳಿವೆ. ಘಟ್ಟದ ಮೇಲಿನವರು ‘ಧಗೆ’ ಎನ್ನುತ್ತಾರೆ, ಕರಾವಳಿಯವರು ‘ಸೆಕೆ’ ಎನ್ನುತ್ತಾರೆ. ಧಗೆ ಒಣ ಬಿಸಿ. ತುಟಿ ಒಡೆಯುತ್ತದೆ, ಒಣಹಾಕಿದ ಬಟ್ಟೆ ಗಂಟೆಯೊಳಗೆ ಗರಿಗರಿಯಾಗುತ್ತದೆ. ಸೆಕೆ ಬೆವರಿಳಿಸುವ ಬಿಸಿ. ಫೆಬ್ರುವರಿ–ಮಾರ್ಚ್‌ನಲ್ಲಿ ಮುಂಬೈಗೆ ಬರುವುದು ವಿಜಯಪುರ, ಕಲಬುರಗಿಯ ಜಾತಿಯ ಧಗೆ. ಮೇ ತಿಂಗಳಲ್ಲಿ ಬರುವುದು ಸಮುದ್ರದ ಸೆಕೆ. ಆ ಹೊತ್ತಿಗೆ ಪಡುಗಾಳಿ ದಿನವಿಡೀ ಬೀಸುವುದರಿಂದ ಉಷ್ಣಮಾಪಕ ಅಷ್ಟು ಏರುವುದಿಲ್ಲ. ಸಾಂತಾಕ್ರೂಜಿನ ದಾಖಲೆಗಳೇ ಇದನ್ನು ಹೇಳುತ್ತವೆ. ಅಲ್ಲಿನ ಸಾರ್ವಕಾಲಿಕ ಗರಿಷ್ಠ 42.2 ಡಿಗ್ರಿ, 1952ರ ಏಪ್ರಿಲ್ 14ರದು. ಮಾರ್ಚ್‌ನ ಗರಿಷ್ಠ 41.7 ಡಿಗ್ರಿ, 1956ರ ಮಾರ್ಚ್ 28ರದು. ಈ ನಗರದ ಅತಿ ಬಿಸಿಯ ದಿನಗಳು ಮೇ ತಿಂಗಳಿಗಾಗಿ ಕಾದಿಲ್ಲ.

ಕೊಲಾಬಾ ಒಂದು ಹೇಳುತ್ತದೆ, ಸಾಂತಾಕ್ರೂಜ್ ಇನ್ನೊಂದು

ಮುಂಬೈಯ ಉಷ್ಣಾಂಶ ಎಂದರೆ ಯಾವುದು? ಇಲಾಖೆಗೆ ಇಲ್ಲಿ ಎರಡು ಮುಖ್ಯ ಕೇಂದ್ರಗಳು. ಕೊಲಾಬಾದ ವೀಕ್ಷಣಾಲಯ 1826ರಷ್ಟು ಹಳೆಯದು. 1875ರಲ್ಲಿ ಹುಟ್ಟಿದ ಹವಾಮಾನ ಇಲಾಖೆಗಿಂತ ಅರ್ಧ ಶತಮಾನ ಹಿರಿದು. ಅದು ನಗರದ ತುದಿಮೂಗಿನಲ್ಲಿದೆ, ಹೆಚ್ಚುಕಡಿಮೆ ಮೂರು ದಿಕ್ಕಿಗೂ ನೀರು. ಹಾಗಾಗಿ ಅಲ್ಲಿ ರಾತ್ರಿ ತೀರಾ ತಣಿಯುವುದಿಲ್ಲ, ಹಗಲು ತೀರಾ ಕಾಯುವುದಿಲ್ಲ. ಸಾಂತಾಕ್ರೂಜ್ ಒಳಗಿದೆ. ಅಲ್ಲಿ ಎರಡೂ ತುದಿಗಳು ಚೂಪಾಗಿರುತ್ತವೆ. ಮಾಗಿಯ ಬೆಳಗಿನಲ್ಲಿ ಇವೆರಡರ ನಡುವೆ ಮೂರು–ನಾಲ್ಕು ಡಿಗ್ರಿ ವ್ಯತ್ಯಾಸವಾದರೆ ಆಶ್ಚರ್ಯವಿಲ್ಲ. ಪೂರ್ವಕ್ಕೆ, ಅಂದರೆ ಠಾಣೆ, ಡೊಂಬಿವಲಿ, ಬದಲಾಪುರದ ಕಡೆಗೆ ಹೋದಷ್ಟೂ ಪಡುಗಾಳಿ ತಡವಾಗಿ ಮುಟ್ಟುತ್ತದೆ, ದಣಿದು ಮುಟ್ಟುತ್ತದೆ.

ಇನ್ನೊಂದು ಮಾತು. ಈ ಅಂಕಿಗಳು ನೆರಳಿನವು. ಬಿಳಿ ಬಣ್ಣ ಬಳಿದ, ಪಟ್ಟಿಗಳ ಸಂದಿಯಿಂದ ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ ಅಳೆದಂಥವು. ಸ್ಟೇಷನ್ನಿನ ತಗಡಿನ ಚಾವಣಿಯ ಕೆಳಗೆ ನಿಂತವರಿಗೆ ಅನ್ನಿಸುವ ಬಿಸಿ ಇದಲ್ಲ. ಮೊಬೈಲ್ ತೋರಿಸುವುದು ಹಲವು ಸಲ ಲೆಕ್ಕ ಹಾಕಿದ ಅಂದಾಜು.

ಪುಣೆಯ ಎರಡು ಮುಖ

ಪುಣೆಗೆ ಸಮುದ್ರದ ಹಂಡೆಯಿಲ್ಲ. ಬರೀ ಕಾವಲಿ. ಫೆಬ್ರುವರಿಯಲ್ಲಿ ಅಲ್ಲಿ ಬೆಳಗ್ಗೆ ಸುಮಾರು 12, ಮಧ್ಯಾಹ್ನ ಸುಮಾರು 32 ಡಿಗ್ರಿ ಸಾಮಾನ್ಯ. ಒಂದೇ ದಿನದಲ್ಲಿ 20 ಡಿಗ್ರಿಯ ಏರಿಳಿತ. ಮುಂಬೈಯಲ್ಲಿ ಇದು ಹನ್ನೆರಡು–ಹದಿನಾಲ್ಕು, ಗೋವೆಯ ಕರಾವಳಿಯಲ್ಲಿ ಇನ್ನೂ ಕಡಿಮೆ.

ಕಾರಣ ಗಾಳಿಯಲ್ಲಿರುವ ನೀರಾವಿ. ಹಗಲು ಹೀರಿದ ಶಾಖವನ್ನು ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಮೋಡವಿದ್ದರೆ ಅದು ಕಂಬಳಿಯಂತೆ ಆ ಶಾಖವನ್ನು ತಡೆದು ವಾಪಸ್ ಕೊಡುತ್ತದೆ. ದಖ್ಖನಿನ ಮಾಗಿಯ ಗಾಳಿ ಒಣಗಾಳಿ, ಆಕಾಶ ಬೋಳು. ಕಂಬಳಿ ಹೊದೆಯದೆ ಮಲಗಿದ ನೆಲ ನಸುಕಿಗೆ ನಡುಗುತ್ತದೆ. ತಣ್ಣಗಾದ ಗಾಳಿ ಭಾರವಾದ್ದರಿಂದ ಗುಡ್ಡಗಳಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಹೀಗಾಗಿ ಪುಣೆಯ ಪಾಷಾಣ ಬಡಾವಣೆಯಲ್ಲಿ ಚಳಿ ಇದ್ದ ಬೆಳಗಿನಲ್ಲೇ ಕಟ್ಟಡಗಳು ಒತ್ತಾಗಿರುವ ಮಗರಪಟ್ಟಾದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚಿರುತ್ತದೆ. ‘ಪುಣೆಯಲ್ಲಿ ಈಗ ಚಳಿಯಿದೆಯೇ’ ಎಂದು ಕೇಳಿದರೆ ‘ಯಾವ ಪುಣೆ, ಎಷ್ಟು ಗಂಟೆಗೆ’ ಎಂದು ಅಕ್ಕ ಮರುಪ್ರಶ್ನೆ ಹಾಕುವುದು ಸುಮ್ಮನೆ ಅಲ್ಲ.

ಇದೇ ತಣ್ಣನೆಯ ಪದರ ಬೆಳಗಿನ ಹೊಗೆಮಂಜಿಗೂ ಕಾರಣ. ಕೆಳಗೆ ತಂಪು, ಮೇಲೆ ಬೆಚ್ಚಗಿನ ಗಾಳಿ ಇದ್ದಾಗ ಪಾತ್ರೆಗೆ ಮುಚ್ಚಳ ಹಾಕಿದಂತಾಗಿ ದೂಳು, ಹೊಗೆ ಕೆಳಗೇ ಉಳಿಯುತ್ತವೆ. ಬಿಸಿಲೇರಿದಂತೆ ಮುಚ್ಚಳ ತೆರೆಯುತ್ತದೆ.

ಉತ್ತರದಿಂದ ಬಂದು ಹೋಗುವ ಚಳಿ

ಮುಂಬೈಗೆ ಸ್ವಂತ ಚಳಿಯಿಲ್ಲ, ಬಂದದ್ದೆಲ್ಲ ಎರವಲು. ಅದನ್ನು ತರುವುದು ಪತ್ರಿಕೆಗಳು ‘ಪಶ್ಚಿಮದ ಅವಾಂತರ’ ಎನ್ನುವ ವ್ಯವಸ್ಥೆಗಳು. ಮೆಡಿಟರೇನಿಯನ್ ಸಮುದ್ರದ ಆಸುಪಾಸಿನಲ್ಲಿ ಹುಟ್ಟಿ, ಎತ್ತರದ ಪಶ್ಚಿಮ ಗಾಳಿಯ ಹಳಿಯ ಮೇಲೆ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುವ ಈ ವಾಯುಭಾರ ಕುಸಿತಗಳು ಪಂಜಾಬಿಗೆ ಮಳೆ, ಹಿಮಾಲಯಕ್ಕೆ ಹಿಮ ಕೊಟ್ಟು ಮುಂದೆ ಹೋಗುತ್ತವೆ. ಒಂದು ಬರುವ ಮೊದಲು ಅದರ ಮುಂದೆ ದಕ್ಷಿಣದ ಬೆಚ್ಚಗಿನ ಗಾಳಿ ಎಳೆದುಕೊಳ್ಳುತ್ತದೆ, ಉಷ್ಣಾಂಶ ಏರುತ್ತದೆ. ಅದು ದಾಟಿದ ಮೇಲೆ ಹಿಮದ ನಾಡಿನ ಒಣ ಉತ್ತರಗಾಳಿ ರಾಜಸ್ಥಾನ, ಗುಜರಾತ್ ಹಾದು ನಮ್ಮತ್ತ ಇಳಿಯುತ್ತದೆ. ಎರಡು ದಿನ ಧಗೆ, ಮೂರು ದಿನ ಚಳಿ ಎಂಬ ತೂಗುಯ್ಯಾಲೆ ಹೀಗೆ ತೂಗುತ್ತದೆ.

ಗೋವೆಯವರೆಗೆ ಬರುವಷ್ಟರಲ್ಲಿ ಈ ಚಳಿಗೆ ಉಸಿರಿರುವುದಿಲ್ಲ. ಮುಂಬೈಗೆ ಮಾತ್ರ ಒಮ್ಮೊಮ್ಮೆ ಚೆನ್ನಾಗಿಯೇ ಮುಟ್ಟಿದೆ. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ 7.4 ಡಿಗ್ರಿ. 2008ರ ಫೆಬ್ರುವರಿಯಲ್ಲಿ 8.5 ಡಿಗ್ರಿ. ಇದೇ ಫೆಬ್ರುವರಿಯ ಇನ್ನೊಂದು ತುದಿ ನೋಡಿ: 1966ರ ಫೆಬ್ರುವರಿ 25ರಂದು 39.6 ಡಿಗ್ರಿ. ಕ್ಯಾಲೆಂಡರಿನ ಅದೇ ಒಂದು ಹಾಳೆ. ಇಂಥ ತಿಂಗಳಿಗೆ ಕಂಬಳಿಯನ್ನು ಅಟ್ಟಕ್ಕೆ ಹಾಕುವ ದಿನ ಗೊತ್ತುಮಾಡುವುದು ಯಾರಿಂದಲೂ ಆಗದ ಕೆಲಸ.

ಮಾರ್ಚ್ ಕಳೆದಂತೆ ಈ ವ್ಯವಸ್ಥೆಗಳು ಕಡಿಮೆಯಾಗುತ್ತವೆ, ಅವುಗಳ ಹಳಿಯೂ ಉತ್ತರಕ್ಕೆ ಸರಿಯುತ್ತದೆ. ತೂಗುಯ್ಯಾಲೆ ನಿಲ್ಲುತ್ತದೆ.

‘ಬಿಸಿಗಾಳಿ’ ಎಂದು ಯಾವಾಗ ಹೇಳುತ್ತಾರೆ?

ತುಂಬಾ ಬಿಸಿಲಿದೆ ಎಂದ ಮಾತ್ರಕ್ಕೆ ಅದು ಬಿಸಿಗಾಳಿಯಲ್ಲ, ಅದಕ್ಕೆ ಅಳತೆಯಿದೆ. ಬಯಲುನಾಡಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಕರಾವಳಿಯಲ್ಲಿ 37, ಬೆಟ್ಟದ ಊರುಗಳಲ್ಲಿ 30. ಅಷ್ಟೇ ಸಾಲದು, ಆ ದಿನಾಂಕದ ಸಾಮಾನ್ಯ ಉಷ್ಣಾಂಶಕ್ಕಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಎರಡು ದಿನ ಸತತವಾಗಿ ಹೀಗಿದ್ದರೆ ಎರಡನೆಯ ದಿನ ಬಿಸಿಗಾಳಿ ಎಂದು ಘೋಷಿಸುತ್ತಾರೆ. ದೇಶದಲ್ಲಿ ಇಂಥ 36 ಉಪವಿಭಾಗಗಳಿವೆ. ಮುಂಬೈಯೂ ಗೋವೆಯೂ ಒಂದೇ ‘ಕೊಂಕಣ ಮತ್ತು ಗೋವಾ’ ಉಪವಿಭಾಗದಲ್ಲಿವೆ. ಪುಣೆ ‘ಮಧ್ಯ ಮಹಾರಾಷ್ಟ್ರ’ದಲ್ಲಿದೆ. ಟಿವಿಯಲ್ಲಿ ‘ಕೊಂಕಣದಲ್ಲಿ ಬಿಸಿಗಾಳಿ’ ಎಂದರೆ ಅದು ನಮ್ಮ ಬೀದಿಗೂ ಅನ್ವಯಿಸುತ್ತದೆ ಎಂದು ಎಷ್ಟೋ ಮುಂಬೈಕರರಿಗೆ ಹೊಳೆಯುವುದಿಲ್ಲ.

ಪದದ ಬಗ್ಗೆ ಒಂದು ಚಿಕ್ಕ ತಕರಾರು. ‘ಬಿಸಿಗಾಳಿ’ ಎಂದರೆ ಗಾಳಿ ಜೋರಾಗಿ ಬೀಸಲೇಬೇಕು ಎಂದೇನಿಲ್ಲ. ಅಳೆಯುವುದು ಉಷ್ಣಾಂಶವನ್ನು, ಬೀಸನ್ನಲ್ಲ. ಆದರೂ ಮುಂಬೈಯ ಮಟ್ಟಿಗೆ ಹೆಸರು ತಾನಾಗಿಯೇ ಸರಿಹೊಂದಿದೆ.

ಕರಾವಳಿಗೆ ಮೂರು ಡಿಗ್ರಿಯ ರಿಯಾಯಿತಿ ಏಕೆ? ನಮ್ಮ ದೇಹ ತಣಿಯುವುದು ಬೆವರಿನಿಂದಲ್ಲ, ಬೆವರು ಆರುವುದರಿಂದ. ಒದ್ದೆ ಬಟ್ಟೆ ಬಾಗಲಕೋಟೆಯ ಬಿಸಿಲಿನಲ್ಲಿ ಕ್ಷಣದಲ್ಲಿ ಒಣಗುತ್ತದೆ, ಜುಲೈ ತಿಂಗಳ ಮುಂಬೈಯಲ್ಲಿ ಎರಡು ದಿನವಾದರೂ ಒದ್ದೆಯಾಗಿಯೇ ಇರುತ್ತದೆ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರಿಗೆ ಹೋಗಲು ಜಾಗವಿಲ್ಲ. ಬೆವರು ಇಳಿಯುತ್ತದೆ, ದೇಹ ತಣಿಯುವುದಿಲ್ಲ. ಹಾಗಾಗಿ ತೇವದ ಊರಿನ 37 ಒಣ ಊರಿನ 40ಕ್ಕೆ ಸಮನಾಗಿ ಕಾಡಬಹುದು. ಒಣ ಮೂಡುಗಾಳಿ ಬೀಸುತ್ತಿರುವ ಫೆಬ್ರುವರಿಯ ಧಗೆಯಲ್ಲಿ ಇದಕ್ಕೆ ವಿರುದ್ಧವಾದ ಮೋಸವಿದೆ. ಬೆವರು ಬಂದದ್ದೇ ತಿಳಿಯದೆ ಆರಿಹೋಗುತ್ತದೆ, ಬಾಯಾರಿಕೆ ತಡವಾಗಿ ಆಗುತ್ತದೆ. ಗೋವೆಯ ಕಟ್ಟಡ ಕೆಲಸಗಳಲ್ಲಿ ದುಡಿಯುವ ಉತ್ತರ ಕರ್ನಾಟಕದವರು ‘ಇದೇನು, ನಮ್ಮೂರ ಬಿಸಿಲೇ’ ಎಂದು ಕಡೆಗಣಿಸುವುದುಂಟು. ಆದರೆ ದೇಹ ಬಿಸಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ವರ್ಷದ ಮೊದಲ ಧಗೆಗೆ ಯಾರೂ ಒಗ್ಗಿಕೊಂಡಿರುವುದಿಲ್ಲ.

ಎಚ್ಚರಿಕೆಯ ಬಣ್ಣಗಳು ಸರಳ. ಹಸಿರು ಎಂದರೆ ಏನೂ ಬೇಡ, ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಹಳದಿ ಬಂದ ದಿನ ಹನ್ನೆರಡರಿಂದ ಮೂರರವರೆಗಿನ ಬಿಸಿಲನ್ನು ತಪ್ಪಿಸುವುದು, ಬಾಯಾರಿಕೆಗೆ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯುವುದು ಸಾಕು. ತಲೆಸುತ್ತು, ಗೊಂದಲ, ಮೈ ಸುಡುವಿಕೆ ಕಂಡರೆ ಮನೆಮದ್ದಿನ ಮಾತು ಬೇಡ. ಮೈ ತಣಿಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಮೂರು ತಿಂಗಳ ಮುನ್ನೋಟವನ್ನು ಓದುವ ಬಗೆ

ನಾಳೆ, ನಾಡಿದ್ದಿನದನ್ನು ಹೇಳುವುದು ಮುನ್ಸೂಚನೆ. ಫೆಬ್ರುವರಿ ಕೊನೆಗೆ ಇಲಾಖೆ ಕೊಡುವ ಮಾರ್ಚ್–ಮೇ ಅವಧಿಯದು ಮುನ್ನೋಟ. ಇವೆರಡನ್ನು ಬೆರೆಸಿದಾಗಲೇ ‘ಇವರು ಹೇಳಿದ್ದು ಒಂದೂ ಆಗುವುದಿಲ್ಲ’ ಎಂಬ ಗೊಣಗಾಟ ಹುಟ್ಟುವುದು. ಮಳೆಗಾಲದಲ್ಲಿ ಲೋಕಲ್ ಗಾಡಿಗಳು ಹೆಚ್ಚು ತಡವಾಗುತ್ತವೆ ಎನ್ನುವುದು ಮುನ್ನೋಟ. ಬರುವ ಮಂಗಳವಾರದ 8.14ರ ಗಾಡಿ ತಡವಾಗುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರ ಹುಡುಕಬಾರದು.

‘ಸಾಮಾನ್ಯ’ ಎಂದರೆ ಈಗ 1991ರಿಂದ 2020ರವರೆಗಿನ 30 ವರ್ಷಗಳ ಸರಾಸರಿ. ಆ 30 ವರ್ಷಗಳ ಬೇಸಿಗೆಗಳನ್ನು ಬಿಸಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಹತ್ತತ್ತರ ಮೂರು ಗುಂಪು ಮಾಡಿದ್ದೀರಿ ಎಂದುಕೊಳ್ಳಿ. ತಂಪಿನ ಹತ್ತು, ನಡುವಿನ ಹತ್ತು, ಬಿಸಿಯ ಹತ್ತು. ಏನೂ ತಿಳಿಯದೆ ಊಹಿಸಿದರೆ ಈ ಸಲದ ಬೇಸಿಗೆ ಯಾವ ಗುಂಪಿಗೆ ಬೇಕಾದರೂ ಸೇರಬಹುದು, ಒಂದೊಂದಕ್ಕೂ ಶೇ 33ರ ಅವಕಾಶ. ‘ಸಾಮಾನ್ಯಕ್ಕಿಂತ ಹೆಚ್ಚಿನ ಸಾಧ್ಯತೆ ಶೇ 60’ ಎಂದರೆ ಬಿಸಿಯ ಗುಂಪಿನ ಕಡೆಗೆ ತಕ್ಕಡಿ ಅಷ್ಟು ವಾಲಿದೆ ಎಂದರ್ಥ. ಪ್ರತಿ ದಿನ ಬಿಸಿಯಿರುತ್ತದೆ ಎಂದಲ್ಲ. ಎಷ್ಟು ಡಿಗ್ರಿ ಹೆಚ್ಚು ಎಂದೂ ಅದು ಹೇಳುವುದಿಲ್ಲ. ಉಳಿದ ಶೇ 40 ಇನ್ನೂ ಅಲ್ಲೇ ಇರುತ್ತದೆ.

ತಕ್ಕಡಿ ಎತ್ತ ವಾಲಿದೆ ಎಂದು ತಿಳಿಯುವ ಕೆಲಸದ ದೊಡ್ಡ ಭಾಗ ನಡೆಯುವುದು ಪುಣೆಯಲ್ಲೇ. ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡಕ್ಕೆ, ಅದರ ಮುಂದಿನ ಚೌಕಕ್ಕೆ ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಹೆಸರು. ಸಿಮ್ಲಾ ಬಸ್ ಇಲ್ಲಿಂದ ಹೊರಡುತ್ತದೆಂದು ಹೊಸಬರು ತಿಳಿದರೆ ತಪ್ಪೇನಿಲ್ಲ. ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ 1962ರದು. ಅಲ್ಲಿ 2024ರಲ್ಲಿ ‘ಅರ್ಕ’ ಎಂಬ ಸೂಪರ್‌ಕಂಪ್ಯೂಟರ್ ಬಂದಿದೆ. ಲೆಕ್ಕ ಹಾಕುವ ಯಂತ್ರಕ್ಕೂ ಸೂರ್ಯನದೇ ಹೆಸರು. ಸಾಗರ, ನೆಲ, ಗಾಳಿಯ ಇಂದಿನ ಸ್ಥಿತಿಯನ್ನು ಕೊಟ್ಟು ಮುಂದಿನ ತಿಂಗಳುಗಳನ್ನು ಲೆಕ್ಕ ಹಾಕಿಸುತ್ತಾರೆ. ಒಂದು ಸಲವಲ್ಲ, ಆರಂಭದ ಅಂಕಿಗಳನ್ನು ಕೂದಲೆಳೆಯಷ್ಟು ಬದಲಿಸುತ್ತ ಹಲವು ಸಲ. ಒಂದೇ ಸಾರನ್ನು ಹತ್ತು ಜನರ ಬಾಯಿಗೆ ಕೊಟ್ಟು ಉಪ್ಪು ಕೇಳಿದಂತೆ. ಎಂಟು ಜನ ‘ಹೆಚ್ಚು’ ಎಂದರೆ ನಂಬಬಹುದು, ಐದು–ಐದಾದರೆ ಹೇಳುವುದು ಕಷ್ಟ.

ಇಲ್ಲಿ ಎಲ್ ನಿನೊ, ಲಾ ನಿನಾ ಎಂಬ ಹೆಸರುಗಳು ಬರುತ್ತವೆ. ಪೆಸಿಫಿಕ್ ಸಾಗರದ ನಡುವಿನ ನೀರು ಮಾಮೂಲಿಗಿಂತ ಬಿಸಿಯಾದರೆ ಎಲ್ ನಿನೊ, ತಂಪಾದರೆ ಲಾ ನಿನಾ. ಎಲ್ ನಿನೊ ಕಟ್ಟಿಕೊಂಡ ಚಳಿಗಾಲದ ಮುಂದಿನ ಬೇಸಿಗೆ ಭಾರತದಲ್ಲಿ ಸಾಮಾನ್ಯವಾಗಿ ಹೆಚ್ಚು ಬಿಸಿ. 2016 ಮತ್ತು 2024ರಲ್ಲಿ ಹಾಗೆಯೇ ಆಯಿತು. ಹಾಗೆಂದು ಎಲ್ಲವನ್ನೂ ಅದರ ತಲೆಗೆ ಕಟ್ಟುವಂತಿಲ್ಲ. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ದೇಶದ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ ಅತಿ ಹೆಚ್ಚಿದ್ದ ಫೆಬ್ರುವರಿ 2023ರದು, ಹಗಲು–ರಾತ್ರಿ ಸೇರಿದ ಸರಾಸರಿ ಅತಿ ಹೆಚ್ಚಿದ್ದದ್ದು 2025ರದು. ಎರಡೂ ಬಂದದ್ದು ತಂಪು ತರಬೇಕಿದ್ದ ಲಾ ನಿನಾ ಚಳಿಗಾಲಗಳ ಬಾಲದಲ್ಲಿ. ಕಾವಲಿಯ ಕೆಳಗಿನ ಉರಿಯೇ ಮೊದಲಿಗಿಂತ ಏರಿದೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಹೆಚ್ಚಿದೆ.

ಮಿಡಿ ಉದುರುವ ದಿನಗಳು

ಈ ಹವೆಯ ಬೆಲೆ ಕೊನೆಗೆ ಗೊತ್ತಾಗುವುದು ವಾಶಿಯ ಮಾರುಕಟ್ಟೆಯಲ್ಲಿ. ರತ್ನಾಗಿರಿ, ದೇವಗಡದ ಹಾಪುಸ್ ಮಾವು ಹೂ ಬಿಡಲು ತಂಪು ರಾತ್ರಿಗಳು ಬೇಕು. ಚಳಿ ತಡವಾದರೆ ಹೂ ತಡವಾಗುತ್ತದೆ. ಹೂ ಕಾಯಿಗಟ್ಟಿ ಮಿಡಿಯಾದ ಹೊತ್ತಿಗೆ ಮೂಡುಗಾಳಿಯ ಧಗೆ ಬಂದು ಕೂತರೆ ಮಿಡಿ ಉದುರುತ್ತದೆ. ಗೋವೆಯ ಗೇರುಮರಗಳದೂ ಇದೇ ಪಾಡು. ಹೂವಿನ ಕಾಲದಲ್ಲಿ ಮೋಡ, ಇಬ್ಬನಿ ಹೆಚ್ಚಾದರೆ ಹೂ ಕರಕಾಗುತ್ತದೆ, ಗೇರುಹಣ್ಣಿನಿಂದ ಇಳಿಸುವ ಮದ್ಯಗಳಾದ, ಮಾರ್ಚ್‌ನಲ್ಲಿ ಬರಬೇಕಾದ ಉರ್ರಾಕ, ಆಮೇಲಿನ ಫೆಣಿ ಎಲ್ಲಕ್ಕೂ ಕೊರತೆ.

ಪುಣೆ, ನಾಸಿಕದ ರೈತರ ಭಯ ಬೇರೆ. ಮರಾಠಿಯಲ್ಲಿ ಅದನ್ನು ‘ಅವಕಾಳಿ’ ಎನ್ನುತ್ತಾರೆ, ಅಕಾಲದ ಮಳೆ. ಉತ್ತರದಿಂದ ಬರುವ ಒಣ ತಂಪುಗಾಳಿ ಬಂಗಾಳಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿಯನ್ನು ದಖ್ಖನಿನ ಮೇಲೆ ಸಂಧಿಸಿದರೆ, ಕಾದ ನೆಲ ಅದನ್ನು ಮೇಲಕ್ಕೆ ನೂಕಿದರೆ ಮಧ್ಯಾಹ್ನದ ನಂತರ ಗುಡುಗಿನ ಮೋಡ ಎದ್ದು ನಿಲ್ಲುತ್ತದೆ. ಬೇಸಿಗೆಯ ಆರಂಭದಲ್ಲಿ ಮೇಲಿನ ಗಾಳಿ ಇನ್ನೂ ತಣ್ಣಗಿರುವುದರಿಂದ ನೀರು ಆಲಿಕಲ್ಲಾಗಿ ಕೆಳಗಿನವರೆಗೂ ಕರಗದೆ ಬರುತ್ತದೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದಲ್ಲಿ ಬಿದ್ದ ಆಲಿಕಲ್ಲು ದ್ರಾಕ್ಷಿ, ಗೋಧಿ, ದಾಳಿಂಬೆಯನ್ನು ಹೊಡೆದು ಹಾಕಿತು. ಅದೇ ಕಾಲದ ಒಂದು ಹದವಾದ ಮಳೆಯನ್ನು ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರು ‘ಹೂಮಳೆ’ ಎಂದು ಕಾದು ಕೂರುತ್ತಾರೆ.

ಗಾಳಿಯ ದಿಕ್ಕಿನ ಪರೀಕ್ಷೆ

ಇಷ್ಟನ್ನೂ ನೆನಪಿಟ್ಟುಕೊಳ್ಳದಿದ್ದರೂ ಇವತ್ತು ಹೇಗಿದೆ ಎಂದು ತಿಳಿಯಲು ಮುಂಬೈ, ಗೋವೆಯವರಿಗೆ ಒಂದು ಸುಲಭದ ಉಪಾಯವಿದೆ. ಮುನ್ಸೂಚನೆಯಲ್ಲಿ ಗರಿಷ್ಠ ಉಷ್ಣಾಂಶದ ಜೊತೆಗೆ ಗಾಳಿಯ ದಿಕ್ಕನ್ನೂ ನೋಡಿ. ಮಧ್ಯಾಹ್ನ ‘ವಾಯುವ್ಯ’ ಅಥವಾ ‘ಪಶ್ಚಿಮ’ ಎಂದಿದ್ದರೆ ಮಾಮೂಲಿ ದಿನ. ಮಧ್ಯಾಹ್ನಕ್ಕೂ ‘ಪೂರ್ವ’, ‘ಈಶಾನ್ಯ’ ಎಂದೇ ಇದ್ದರೆ ಧಗೆಯ ದಿನ. ಗಾಳಿ ತಿರುಗುವ ಹೊತ್ತಿನ ಲೆಕ್ಕ ಸ್ವಲ್ಪ ತಪ್ಪಿದರೂ ಗರಿಷ್ಠ ಉಷ್ಣಾಂಶ ಬದಲಾಗುತ್ತದೆ. ಕರಾವಳಿಗೆ ಕೊಟ್ಟ ಬಿಸಿಗಾಳಿಯ ಎಚ್ಚರಿಕೆಯನ್ನು ಒಮ್ಮೊಮ್ಮೆ ಹಿಂಪಡೆಯಬೇಕಾಗುವುದು ಇದಕ್ಕೇ.

ದಿಕ್ಕು ಹೇಳುವ ಯಂತ್ರ ಮನೆಯಲ್ಲೇ ಇದೆ. ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆ. ನಮ್ಮ ಗ್ಯಾಲರಿ ಪಡುವಣಕ್ಕೆ ಮುಖಮಾಡಿದೆ. ಬೆಳಗ್ಗೆ ಸೀರೆಯ ಸೆರಗು ಹೊರಗೆ, ಸಮುದ್ರದ ಕಡೆಗೆ ಹಾರುತ್ತಿರುತ್ತದೆ. ಪಡುಗಾಳಿ ಮುಟ್ಟಿದ ಕ್ಷಣ ಅದೇ ಸೆರಗು ಒಳಕ್ಕೆ ತಿರುಗಿ ಅಡುಗೆಮನೆಯ ಬಾಗಿಲಿಗೆ ಬಡಿಯುತ್ತದೆ. ಇವತ್ತು ಅದು ತಿರುಗಿದ್ದು ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ.